ವಿದ್ಯುನ್ಮಾನ ಕೀಬೋರ್ಡು ಶ್ರುತಿ ಕಲಿತ ಕಥೆ

ಶಾಲಾ ವಾರ್ಷಿಕೋತ್ಸವದ ವೇದಿಕೆ. ಭಾವಗೀತೆ ಹಾಡಲು ವಿದ್ಯಾರ್ಥಿನಿಯೊಬ್ಬಳು ಮೈಕಿನ ಮುಂದೆ ಬಂದು ನಿಲ್ಲುತ್ತಾಳೆ. ಪಕ್ಕದಲ್ಲಿ ಕುಳಿತ ಕೀಬೋರ್ಡು ವಾದಕರು ‘ಯಾವ ಶ್ರುತಿಯಮ್ಮಾ?’ ಎಂದು ಕೇಳುತ್ತಾರೆ. ‘ಐದೂವರೆ ಮನೆ ಸಾರ್’ ಎನ್ನುತ್ತಾಳೆ ಆಕೆ. ವಾದಕರು ಒಂದು ಗುಂಡಿಯನ್ನು ನಾಲ್ಕು ಬಾರಿ ಒತ್ತುತ್ತಾರೆ. ಪುಟ್ಟ ಪರದೆಯ ಮೇಲೆ ‘-4’ ಎಂದು ಮೂಡುತ್ತದೆ. ಅವರ ಬೆರಳುಗಳು ಎಂದಿನಂತೆ ಮೊದಲ ಬಿಳಿ ಮನೆಯನ್ನೇ ಷಡ್ಜವಾಗಿ ಹಿಡಿಯುತ್ತವೆ; ಆದರೆ ಕೇಳಿಸುವುದು ಹುಡುಗಿಯ ಶ್ರುತಿ. ನಡುವೆ ಕೊಳಲಿನ ತುಣುಕು ಬಂದಾಗ ಅವರ ಎಡಗೈ ಒಂದು ಚಕ್ರವನ್ನು ಮೆಲ್ಲನೆ ಹೊರಳಿಸುತ್ತದೆ, ಸ್ವರ ಜಾರುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಬಯಲಿನ ಶಾಮಿಯಾನದಲ್ಲೂ ದೊಡ್ಡ ಸಭಾಂಗಣದ ಗುಂಗು ತುಂಬಿಕೊಳ್ಳುತ್ತದೆ.

ಇವೆಲ್ಲ ಒಂದೇ ಪೆಟ್ಟಿಗೆಯ ಮೇಲಿನ ಗುಂಡಿಗಳು. ಒಂದೇ ದಿನ ಹುಟ್ಟಿದವಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಕೊರತೆಯಿದೆ, ಅದನ್ನು ನೀಗಲು ಹೊರಟವರ ಪ್ರಯತ್ನವಿದೆ, ನಾವು ತರಗತಿಯಲ್ಲಿ ಕಲಿಸುವ ಭೌತವಿಜ್ಞಾನವಿದೆ. ಒಟ್ಟಾರೆ ಈ ಚರಿತ್ರೆಯನ್ನು ಎರಡು ಮಾತುಗಳಲ್ಲಿ ಹೇಳಬಹುದು: ಮೊದಲು ಸ್ವರವನ್ನು ಅಲುಗಾಡದಂತೆ ಕಟ್ಟಿಹಾಕಲು ಮನುಷ್ಯ ಬಹಳ ಶ್ರಮಪಟ್ಟ, ಕಟ್ಟಿದ ಮೇಲೆ ಅದನ್ನು ಬೇಕಾದಷ್ಟೇ ಸಡಿಲಿಸಲು ಅಷ್ಟೇ ಶ್ರಮಪಟ್ಟ.

ಪದಬಳಕೆಯ ಬಗ್ಗೆ ಒಂದು ಮಾತು. ಕಂಪನದ ಆವೃತ್ತಿಯನ್ನು ಅವಲಂಬಿಸಿದ ಶಬ್ದದ ಗುಣವನ್ನು ವಿಜ್ಞಾನ ಪಾಠಗಳಲ್ಲಿ ‘ಸ್ಥಾಯಿ’ ಎನ್ನುವುದುಂಟು. ಸಂಗೀತಗಾರರಿಗೆ ಸ್ಥಾಯಿ ಎಂದರೆ ಸಪ್ತಕ. ಗೊಂದಲ ಬೇಡವೆಂದು ಇಲ್ಲಿ ‘ಶ್ರುತಿ’ ಎಂದೇ ಬಳಸಿದೆ.

ಹನ್ನೆರಡು ಮನೆಗಳ ರಾಜಿ

ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋದರೆ ಆವೃತ್ತಿ ಎರಡರಷ್ಟಾಗುತ್ತದೆ. ಕೀಬೋರ್ಡಿನಲ್ಲಿ ಈ ಅಂತರವನ್ನು 12 ಸಮಪಾಲು ಮಾಡಿದೆ. ಸಮಪಾಲು ಎಂದರೆ ಕೂಡಿಸುವ ಲೆಕ್ಕದಲ್ಲಿ ಅಲ್ಲ, ಗುಣಿಸುವ ಲೆಕ್ಕದಲ್ಲಿ. ಒಂದು ಮನೆಯಿಂದ ಮುಂದಿನ ಮನೆಗೆ ಹೋದಾಗ ಆವೃತ್ತಿ 2ರ ಹನ್ನೆರಡನೆಯ ಮೂಲದಷ್ಟು, ಅಂದರೆ ಸುಮಾರು 1.0595ರಷ್ಟು ಪಟ್ಟು ಏರುತ್ತದೆ. ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಈ ಒಂದು ಮನೆಯ ಅಂತರವನ್ನು ಮತ್ತೆ 100 ಪಾಲು ಮಾಡಿ ‘ಸೆಂಟ್’ ಎಂಬ ಅಳತೆಯನ್ನು ಬಳಕೆಗೆ ತಂದ. ಒಂದು ಸಪ್ತಕಕ್ಕೆ 1200 ಸೆಂಟ್.

ಈ ಹಂಚಿಕೆಯಲ್ಲಿ ಒಂದು ರಾಜಿ ಅಡಗಿದೆ. ತಂಬೂರಿಯ ತಂತಿಯನ್ನು ಮೀಟಿದಾಗ ಅದರ ಐದನೆಯ ಪ್ರಸಂವಾದಿಯಾಗಿ ತಾನೇ ತಾನಾಗಿ ಒಂದು ಗಾಂಧಾರ ಕೇಳಿಸುತ್ತದಷ್ಟೆ? ಷಡ್ಜಕ್ಕೆ ಅದರ ಅನುಪಾತ 5:4, ಅಂತರ 386 ಸೆಂಟ್. ಕೀಬೋರ್ಡಿನ ಗಾಂಧಾರವಾದರೋ 400 ಸೆಂಟಿನಲ್ಲಿದೆ. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್ ಆದರೂ ಗಾಂಧಾರದಲ್ಲಿ 14 ಸೆಂಟ್. ಯಾವ ಮನೆಯಿಂದ ಹೊರಟರೂ ಒಂದೇ ಸ್ವರಾಂತರ ಸಿಗಲೆಂದು ಎಲ್ಲ ಸ್ವರಗಳೂ ಸ್ವಲ್ಪಸ್ವಲ್ಪ ತಪ್ಪನ್ನು ಹಂಚಿಕೊಂಡಿವೆ.

ನಮ್ಮ ದೇಶದಲ್ಲಿ ಈ ರಾಜಿಯ ವಿರುದ್ಧ ದೊಡ್ಡ ತಕರಾರೇ ಎದ್ದಿತು. ಹಾರ್ಮೋನಿಯಂನಲ್ಲಿ ಸ್ವರಸ್ಥಾನಗಳು ಸ್ಥಿರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಂತಿಲ್ಲ, ಗಮಕ ಬಾರದು. ಈ ಬಗೆಯ ಆಕ್ಷೇಪಗಳ ನಡುವೆ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತು. ಆ ನಿರ್ಬಂಧ ಸಡಿಲವಾದದ್ದು ಮೂರು ದಶಕಗಳ ನಂತರ, 1971ರಲ್ಲಿ. ಮನೆಗಳಿರುವ ಯಾವುದೇ ವಾದ್ಯದ ಮೂಲ ಕೊರತೆ ಇದು. ಕೀಬೋರ್ಡಿನ ಎಡಬದಿಯ ಚಕ್ರ ಇದಕ್ಕೆ ಕೊಟ್ಟ ಒಂದು ಉತ್ತರ.

440 ಎಲ್ಲಿಂದ ಬಂತು?

ಮನೆಗಳ ನಡುವಿನ ಅಂತರ ನಿಗದಿಯಾದರೆ ಸಾಲದು. ಯಾವುದಾದರೂ ಒಂದು ಮನೆಯ ಆವೃತ್ತಿ ಇಷ್ಟೇ ಎಂದು ಎಲ್ಲರೂ ಒಪ್ಪಬೇಕು. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಊರಿಗೊಂದು ಶ್ರುತಿ ಇತ್ತು. ಫ್ರಾನ್ಸ್ ಸರ್ಕಾರ 1859ರಲ್ಲಿ ‘ಎ’ ಎಂಬ ಸ್ವರದ ಆವೃತ್ತಿ ಸೆಕೆಂಡಿಗೆ 435 ಕಂಪನಗಳಿರಬೇಕೆಂದು ಕಟ್ಟಳೆ ಮಾಡಿತು. ಅದಕ್ಕಾಗಿ ನೇಮಿಸಿದ ಸಮಿತಿಯಲ್ಲಿ ಸಂಗೀತಗಾರರ ಜೊತೆಗೆ ಭೌತವಿಜ್ಞಾನಿ ಲಿಸಾಜೂ ಕೂಡ ಇದ್ದ. ಲಂಬವಾಗಿರುವ ಎರಡು ಕಂಪನಗಳ ಸಂಯೋಜನೆಯಿಂದ ಮೂಡುವ ‘ಲಿಸಾಜೂ ಆಕೃತಿ’ಗಳಿಂದ ವಿದ್ಯಾರ್ಥಿಗಳಿಗೆ ಪರಿಚಿತನಾದವನು ಈತನೇ.

1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನ 440 ಹರ್ಟ್ಸ್ ಅನ್ನು ಆಯ್ದುಕೊಂಡಿತು. ಅದಕ್ಕೆ ತೀರ ಸಮೀಪದ 439 ಕೂಡ ಆಗ ಚರ್ಚೆಯಲ್ಲಿತ್ತು. ಅದು ಬೀಳಲು ಒಂದು ಕಾರಣ ಸ್ವಾರಸ್ಯಕರವಾಗಿದೆ. ಬಿಬಿಸಿ ತನ್ನ ಶ್ರುತಿಸ್ವರವನ್ನು ಸೆಕೆಂಡಿಗೆ ಹತ್ತು ಲಕ್ಷ ಬಾರಿ ಕಂಪಿಸುವ ಸ್ಫಟಿಕದಿಂದ ಪಡೆಯುತ್ತಿತ್ತು. ಹತ್ತು ಲಕ್ಷವನ್ನು ಸಾವಿರದಿಂದ ಭಾಗಿಸಿ, 11ರಿಂದ ಗುಣಿಸಿ, 25ರಿಂದ ಭಾಗಿಸಿದರೆ ಬರುವುದು 440. ಆದರೆ 439 ಅವಿಭಾಜ್ಯ ಸಂಖ್ಯೆ! ಸಣ್ಣ ಸಂಖ್ಯೆಗಳ ಗುಣಾಕಾರ ಭಾಗಾಕಾರದಿಂದ ಅದನ್ನು ಪಡೆಯಲಾಗದು. ಹೀಗೆ ಸಂಗೀತದ ಶ್ರುತಿಯನ್ನು ನಿರ್ಧರಿಸುವಲ್ಲಿ ವಿದ್ಯುನ್ಮಾನ ಮಂಡಲಕ್ಕೂ ಸಂಖ್ಯಾಶಾಸ್ತ್ರಕ್ಕೂ ಒಂದು ಪಾತ್ರ ದೊರೆಯಿತು. ಇಂದು ಕೀಬೋರ್ಡನ್ನು ಚಾಲೂ ಮಾಡಿದೊಡನೆ ಸಾಮಾನ್ಯವಾಗಿ ಸಿಗುವುದು ಈ 440ರ ಶ್ರುತಿಯೇ.

ವಿದ್ಯುತ್ ಜಾಲಕ್ಕೆ ಕಟ್ಟಿದ ಸ್ವರ

ವಿದ್ಯುತ್ತಿನಿಂದ ಸ್ವರ ಹೊರಡಿಸುವ ಮೊದಲ ವಾದ್ಯಗಳು ಎರಡು ವಿರುದ್ಧ ದಿಕ್ಕಿನಲ್ಲಿ ಸಾಗಿದವು. ರಷ್ಯದ ಲಿಯಾನ್ ತೆರೆಮಿನ್ 1920ರ ಸುಮಾರಿಗೆ ರೂಪಿಸಿದ ವಾದ್ಯದಲ್ಲಿ ಮನೆಗಳೇ ಇರಲಿಲ್ಲ. ವಾದಕ ಒಂದು ಆಂಟೆನಾದ ಬಳಿ ಗಾಳಿಯಲ್ಲಿ ಕೈಯಾಡಿಸಿದರೆ ಮಂಡಲದ ಧಾರಕತೆ ಬದಲಾಗಿ ಸ್ವರ ಏರಿಳಿಯುತ್ತಿತ್ತು. ಗಮಕಕ್ಕೆ ಬರವಿಲ್ಲ; ಆದರೆ ಶ್ರುತಿಶುದ್ಧವಾಗಿ ಒಂದು ಸ್ವರ ಹಿಡಿಯುವುದೇ ಸಾಹಸ. ಫ್ರಾನ್ಸಿನ ಮೋರಿಸ್ ಮಾರ್ತನೊ 1928ರಲ್ಲಿ ಪ್ರದರ್ಶಿಸಿದ ವಾದ್ಯ ನಡುದಾರಿ ಹಿಡಿಯಿತು. ಮುಂದೆ ಅದಕ್ಕೆ ಅಳವಡಿಸಿದ ಮನೆಗಳ ಸಾಲನ್ನು ಬೆರಳಿನಿಂದ ಅಕ್ಕಪಕ್ಕ ಅಲುಗಿಸಿ ಸ್ವರವನ್ನು ನಡುಗಿಸಬಹುದಿತ್ತು. ಬೆರಳಿಗೆ ಉಂಗುರ ತೊಟ್ಟು ಪಟ್ಟಿಯೊಂದನ್ನು ಎಳೆದರೆ ಸ್ವರ ಜಾರುತ್ತಿತ್ತು.

ಇನ್ನೊಂದು ದಿಕ್ಕಿನ ಕೊನೆಯಲ್ಲಿ ಇದ್ದದ್ದು ಹ್ಯಾಮಂಡ್ ಆರ್ಗನ್. ಅಮೆರಿಕದ ಲಾರೆನ್ಸ್ ಹ್ಯಾಮಂಡ್ ಮೂಲತಃ ವಿದ್ಯುತ್ ಗಡಿಯಾರ ತಯಾರಿಸುತ್ತಿದ್ದವನು. ಸಿಂಕ್ರೊನಸ್ ಮೋಟಾರಿನ ವೇಗವನ್ನು ವಿದ್ಯುತ್ ಪೂರೈಕೆಯ ಆವೃತ್ತಿ ನಿರ್ಧರಿಸುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. 1935ರಲ್ಲಿ ಮಾರುಕಟ್ಟೆಗೆ ಬಂದ ಅವನ ಆರ್ಗನ್ನಿನಲ್ಲಿ ಅಂಥದೇ ಮೋಟಾರು 91 ಉಕ್ಕಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಚಕ್ರದ ಅಂಚಿನ ಉಬ್ಬುತಗ್ಗುಗಳು ಕಾಂತದ ಮುಂದೆ ಹಾದುಹೋದಂತೆ ಸುರುಳಿಯಲ್ಲಿ ವಿದ್ಯುತ್ ಪ್ರೇರಣೆಯಾಗುತ್ತಿತ್ತು. ಫ್ಯಾರಡೆಯ ನಿಯಮದ ಸಂಗೀತ ರೂಪವಿದು.

ಇದರಲ್ಲಿ ಶ್ರುತಿ ಹೊಂದಿಸುವ ತಿರುಗುಣಿಯೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ವಿದ್ಯುತ್ ಜಾಲವೇ ಶ್ರುತಿಪೆಟ್ಟಿಗೆ. ಅಮೆರಿಕದ 60 ಹರ್ಟ್ಸ್ ಪೂರೈಕೆಗೆಂದು ತಯಾರಾದ ಆರ್ಗನ್ನನ್ನು ನಮ್ಮ 50 ಹರ್ಟ್ಸ್ ಪೂರೈಕೆಗೆ ಹಾಗೆಯೇ ಜೋಡಿಸಿದರೆ ಏನಾಗುತ್ತದೆಂದು ವಿದ್ಯಾರ್ಥಿಗಳನ್ನು ಕೇಳಿ. ಪ್ರತಿ ಸ್ವರವೂ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. 440 ಇದ್ದದ್ದು ಸುಮಾರು 367 ಹರ್ಟ್ಸ್ ಆಗುತ್ತದೆ. ಮೂರು ಮನೆಗಿಂತ ತುಸು ಹೆಚ್ಚು, 316 ಸೆಂಟ್ ಕುಸಿತ!

ಸೆಕೆಗೆ ಕದಲುವ ಶ್ರುತಿ

ಭಾರವಾದ ಚಕ್ರಗಳಿಲ್ಲದೆ ಕೇವಲ ವಿದ್ಯುನ್ಮಾನ ಆಂದೋಲಕಗಳಿಂದ ಸ್ವರ ಪಡೆಯುವ ಹಾದಿಯನ್ನು ಟ್ರಾನ್ಸಿಸ್ಟರು ಸುಗಮಗೊಳಿಸಿತು. ಅಮೆರಿಕದ ಎಂಜಿನಿಯರ್ ರಾಬರ್ಟ್ ಮೋಗ್ 1964ರಲ್ಲಿ ತನ್ನ ಸಿಂಥಸೈಸರಿನ ಮೊದಲ ಭಾಗಗಳನ್ನು ಪ್ರದರ್ಶಿಸಿದ. ಮನೆ ಒತ್ತಿದಾಗ ಒಂದು ವೋಲ್ಟೇಜು ಹೊರಡುತ್ತದೆ, ಆ ವೋಲ್ಟೇಜು ಆಂದೋಲಕದ ಆವೃತ್ತಿಯನ್ನು ನಿರ್ಧರಿಸುತ್ತದೆ. ಪ್ರತಿ ಸಪ್ತಕಕ್ಕೆ ಒಂದು ವೋಲ್ಟ್ ಎಂಬುದು ಅವನ ನಿಯಮ. ವೋಲ್ಟೇಜು ಕೂಡುತ್ತ ಹೋದರೆ ಆವೃತ್ತಿ ಇಮ್ಮಡಿಸುತ್ತ ಹೋಗಬೇಕು. ಈ ಘಾತೀಯ ಸಂಬಂಧವನ್ನು ಪಡೆಯಲು ಟ್ರಾನ್ಸಿಸ್ಟರಿನ ಸಹಜ ಗುಣವೇ ಒದಗಿಬಂತು: ಅದರ ಬೇಸ್ ಮತ್ತು ಎಮಿಟರುಗಳ ನಡುವಿನ ವೋಲ್ಟೇಜು ಸುಮಾರು 18 ಮಿಲಿವೋಲ್ಟ್ ಏರಿದರೆ ಪ್ರವಾಹ ಇಮ್ಮಡಿಯಾಗುತ್ತದೆ.

ಆದರೆ ಆ 18 ಎಂಬ ಸಂಖ್ಯೆ ಸ್ಥಿರವಲ್ಲ. ಅದು ನಿರಪೇಕ್ಷ ಉಷ್ಣತೆಗೆ ನೇರ ಅನುಪಾತದಲ್ಲಿದೆ. 300 ಕೆಲ್ವಿನ್ ಇದ್ದ ಮಂಡಲ ವೇದಿಕೆಯ ದೀಪಗಳ ಕಾವಿಗೆ 310 ಕೆಲ್ವಿನ್ ತಲಪಿತೆನ್ನಿ. ಅದನ್ನು ಸರಿದೂಗಿಸುವ ಏರ್ಪಾಡು ಇಲ್ಲದಿದ್ದರೆ 1200 ಸೆಂಟಿನ ಸಪ್ತಕ 1160 ಸೆಂಟಿಗೆ ಕುಗ್ಗಿಬಿಡುತ್ತದೆ. ಕೇಳುಗರು ಮುಖ ಕಿವುಚಲು ಅಷ್ಟು ಸಾಕು. ಉಷ್ಣತೆಗೆ ತಕ್ಕಂತೆ ರೋಧ ಬದಲಾಗುವ ರೋಧಕಗಳನ್ನು ಬಳಸಿ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಿದರೂ ಪೂರ್ಣ ನಿವಾರಣೆ ಆಗಲಿಲ್ಲ. ಹಾಡು ಹಾಡಿನ ನಡುವೆ ಶ್ರುತಿ ಸರಿಮಾಡಿಕೊಳ್ಳುವುದು ಆ ಕಾಲದ ವಾದಕರಿಗೆ ಅಭ್ಯಾಸವೇ ಆಗಿತ್ತು.

ಮೋಗ್ 1970ರಲ್ಲಿ ತಂದ ‘ಮಿನಿಮೋಗ್’ ವೇದಿಕೆಗೆ ಹೊತ್ತೊಯ್ಯಬಹುದಾದಷ್ಟು ಚಿಕ್ಕದು. ಮನೆಗಳ ಎಡಕ್ಕೆ ಅದರಲ್ಲಿ ಎರಡು ಚಕ್ರಗಳಿದ್ದವು. ಒಂದು ಸ್ವರವನ್ನು ಬಾಗಿಸಲು, ಇನ್ನೊಂದು ಸ್ವರಕ್ಕೆ ಕಂಪನ ಬೆರೆಸಲು. ಇಂದಿನ ಬಹುಪಾಲು ಕೀಬೋರ್ಡುಗಳಲ್ಲಿ ನಾವು ಕಾಣುವ ಚಕ್ರ ಅಥವಾ ಹಿಡಿಕೋಲುಗಳು ಈ ಏರ್ಪಾಡಿನ ವಂಶದವು. ಬಲಗೈ ಮನೆಗಳ ಶಿಸ್ತಿನಲ್ಲಿದ್ದರೆ ಎಡಗೈಗೆ ಮನೆಗಳ ನಡುವಿನ ಜಾಗ ದೊರೆಯಿತು. 1982ರಲ್ಲಿ ಮುಂಬಯಿಯ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಸಿಂಥಸೈಸರುಗಳಲ್ಲಿ ನುಡಿಸಿ ಧ್ವನಿಮುದ್ರಿಸಿದಾಗ, ಸ್ವರವನ್ನು ಜಾರಿಸುವ ಇಂಥ ಸೌಲಭ್ಯಗಳು ಅವರ ಕೈಗೆಟುಕಿದ್ದವು.

ಶ್ರುತಿ ಕದಲುವ ಸಮಸ್ಯೆಗೆ ಉತ್ತರ ಬಂದದ್ದು ಮೈಕ್ರೊಪ್ರೊಸೆಸರಿನಿಂದ. ಡೇವ್ ಸ್ಮಿತ್ 1978ರಲ್ಲಿ ಹೊರತಂದ ‘ಪ್ರಾಫೆಟ್-5’ರಲ್ಲಿ ಐದು ಸ್ವರಗಳಿಗೆ ಹತ್ತು ಆಂದೋಲಕಗಳು. ಹತ್ತನ್ನೂ ಕೈಯಿಂದ ಹೊಂದಿಸುವುದು ಆಗದ ಮಾತು. ಅದರಲ್ಲಿ ‘ಟ್ಯೂನ್’ ಎಂಬ ಒಂದು ಗುಂಡಿ ಒತ್ತಿದರೆ ಮೈಕ್ರೊಪ್ರೊಸೆಸರು ಪ್ರತಿ ಆಂದೋಲಕದ ಆವೃತ್ತಿಯನ್ನು ಅಳೆದು ತಾನೇ ತಿದ್ದಿಕೊಡುತ್ತಿತ್ತು.

ಸ್ವರ ಸಂಖ್ಯೆಯಾದಾಗ

ಮುಂದಿನ ಹೆಜ್ಜೆಯಲ್ಲಿ ಆಂದೋಲಕವೇ ಮಾಯವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ 1967ರಲ್ಲಿ ಗಣಕದಲ್ಲಿ ಸ್ವರವೊಂದನ್ನು ನಡುಗಿಸುವ ಪ್ರಯೋಗ ಮಾಡುತ್ತಿದ್ದ. ಶ್ರುತಿಯನ್ನು ಸೆಕೆಂಡಿಗೆ ಐದಾರು ಬಾರಿ ಮೇಲೆ ಕೆಳಗೆ ಆಡಿಸಿದರೆ ಅದು ಗಾಯಕರ ಕಂಪನದಂತೆ ಕೇಳುತ್ತದೆ. ಈ ವೇಗವನ್ನು ಹತ್ತಾರು, ನೂರಾರು ಬಾರಿಗೆ ಏರಿಸಿದಾಗ ನಡುಕ ಕೇಳಿಸುವುದು ನಿಂತು ಬೇರೆಯೇ ನಾದಗುಣ ಹುಟ್ಟಿತು! ರೇಡಿಯೊ ಪ್ರಸಾರದಲ್ಲಿ ಬಳಸುವ ಆವೃತ್ತಿ ಮಾಡ್ಯುಲೇಷನ್ ಶಬ್ದದ ಆವೃತ್ತಿಗಳಲ್ಲಿ ಹೊಸ ಕೆಲಸ ಮಾಡಿತ್ತು. ಇದನ್ನು ಆಧರಿಸಿ ಯಮಾಹಾ ಸಂಸ್ಥೆ 1983ರಲ್ಲಿ ತಂದ ‘ಡಿಎಕ್ಸ್7’ ಪೂರ್ತಿ ಅಂಕೀಯ ವಾದ್ಯ. ಅಂಕೀಯ ವಾದ್ಯದ ಶ್ರುತಿಗೆ ಆಧಾರ ಕ್ವಾರ್ಟ್ಜ್ ಸ್ಫಟಿಕದ ಗಡಿಯಾರ. ಹತ್ತು ಲಕ್ಷಕ್ಕೆ 50ರಷ್ಟು ತಪ್ಪಿದರೂ ಅದು ಸೆಂಟಿನ ಹತ್ತನೆಯ ಒಂದು ಪಾಲನ್ನು ಮುಟ್ಟದು. ಸೆಕೆಗೆ ಕದಲುವ ಮಾತು ಅಲ್ಲಿಗೆ ಮುಗಿಯಿತು.

ಅದೇ 1983ರಲ್ಲಿ ಬೇರೆ ಬೇರೆ ತಯಾರಕರ ವಾದ್ಯಗಳು ತಮ್ಮೊಳಗೆ ಮಾತಾಡಿಕೊಳ್ಳಲು ‘ಮಿಡಿ’ ಎಂಬ ಸಂಕೇತ ಪದ್ಧತಿ ಜಾರಿಗೆ ಬಂತು. ಇದರಲ್ಲಿ ಪ್ರತಿ ಮನೆಗೂ 0ಯಿಂದ 127ರವರೆಗಿನ ಒಂದು ಸಂಖ್ಯೆ. ಮಧ್ಯದ ‘ಸಿ’ 60, 440 ಹರ್ಟ್ಸಿನ ‘ಎ’ 69. ಇಲ್ಲಿಂದ ಮುಂದೆ ವೇದಿಕೆಯ ಮೇಲಿನ ಮೂರು ಕೆಲಸಗಳನ್ನು ಬೇರ್ಪಡಿಸಿ ನೋಡುವುದು ಸುಲಭ.

ಮೊದಲನೆಯದು ‘ಟ್ರಾನ್ಸ್‌ಪೋಸ್’. ಇದು ಬರಿಯ ಕೂಡಿಸುವ ಕಳೆಯುವ ಲೆಕ್ಕ. ವಾದಕರು 60ನ್ನು ಒತ್ತಿದಾಗ 4 ಕಳೆದು 56ನ್ನು ನುಡಿಸಿದರೆ ಐದೂವರೆ ಮನೆ ಸಿಗುತ್ತದೆ. ಇದೇ ಕೆಲಸವನ್ನು ಸ್ಕೇಲ್ ಚೇಂಜರ್ ಹಾರ್ಮೋನಿಯಂನಲ್ಲಿ ಮನೆಗಳ ಸಾಲನ್ನೇ ಪಕ್ಕಕ್ಕೆ ಸರಿಸಿ ಮಾಡುತ್ತಾರೆ. ಅಮೆರಿಕದ ಗೀತಕಾರ ಅರ್ವಿಂಗ್ ಬರ್ಲಿನ್‌ಗೆ ಹೆಚ್ಚಾಗಿ ಕಪ್ಪು ಮನೆಗಳಲ್ಲೇ ನುಡಿಸುವ ರೂಢಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅವನ ಬಳಿ ಸನ್ನೆಕೋಲು ತಳ್ಳಿ ಶ್ರುತಿ ಬದಲಿಸುವ ಪಿಯಾನೊ ಇತ್ತು.

ಎರಡನೆಯದು ‘ಟ್ಯೂನ್’. ಇದು ಮನೆಗಳನ್ನು ಬದಲಿಸುವುದಿಲ್ಲ. 440 ಎಂಬ ಆಧಾರವನ್ನೇ ಮೇಲೆ ಕೆಳಗೆ ಮಾಡುತ್ತದೆ. ಸ್ಫಟಿಕದ ಶ್ರುತಿ ಕದಲದಿದ್ದ ಮೇಲೆ ಇದೇಕೆ ಬೇಕು? ಏಕೆಂದರೆ ಜೊತೆಯ ವಾದ್ಯಗಳು ಕದಲುತ್ತವೆ. ಗಾಳಿಯಲ್ಲಿ ಶಬ್ದದ ವೇಗ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಏರುತ್ತದೆ. ಕೊಳಲಿನೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಶ್ರುತಿ ಸುಮಾರು 30 ಸೆಂಟ್ ಮೇಲೇರುತ್ತದೆ. ಸ್ಥಿರವಾದ ಕೀಬೋರ್ಡೇ ಕೊಳಲಿನ ಬಳಿ ಹೋಗಬೇಕು.

ಮೂರನೆಯದು ‘ಪಿಚ್ ಬೆಂಡ್’ ಚಕ್ರ. ಇಲ್ಲಿ ಸ್ವರ ಮೆಟ್ಟಿಲು ಹತ್ತಬಾರದು, ಜಾರಬೇಕು. ಚಕ್ರದ ಸ್ಥಾನವನ್ನು 7 ಬಿಟ್‌ಗಳಲ್ಲಿ ಹೇಳಿದರೆ ಸಿಗುವುದು 128 ಮೆಟ್ಟಿಲು ಮಾತ್ರ. ಮೇಲೊಂದು ಕೆಳಗೊಂದು ಸಪ್ತಕ ಬಾಗಿಸುವಂತೆ ಹೊಂದಿಸಿದರೆ ಪ್ರತಿ ಮೆಟ್ಟಿಲೂ ಸುಮಾರು 19 ಸೆಂಟ್. ಕಿವಿಗೆ ಗರಗಸದಂತೆ ಕೇಳುತ್ತದೆ. ಆದ್ದರಿಂದ ಮಿಡಿಯಲ್ಲಿ ಇದಕ್ಕೆ 14 ಬಿಟ್ ಮೀಸಲಿಟ್ಟು 16,384 ಮೆಟ್ಟಿಲುಗಳಿಗೆ ಅವಕಾಶ ಕೊಟ್ಟರು.

ಕಟ್ಟಿದ ಸ್ವರಕ್ಕೆ ಜೀವ

ಸ್ವರ ಅಷ್ಟೊಂದು ನಿಶ್ಚಲವಾದಾಗ ಅದು ಕಿವಿಗೆ ಒಣಗಿದಂತೆ ಕೇಳುತ್ತದೆ. ‘ಇಫೆಕ್ಟ್’ ಎಂದು ಕರೆಯುವ ಪರಿಣಾಮಗಳಲ್ಲಿ ಹಲವು ಸ್ವರವನ್ನು ಬೇಕೆಂದೇ ತುಸು ಕೆಡಿಸುವ ಉಪಾಯಗಳು. ಡಾನ್ ಲೆಸ್ಲಿ 1941ರಲ್ಲಿ ಹ್ಯಾಮಂಡ್ ಆರ್ಗನ್ನಿಗೆಂದು ಮಾಡಿದ ಸ್ಪೀಕರಿನಲ್ಲಿ ಶಬ್ದ ಹೊರಡುವ ಕೊಂಬು ಗಿರಗಿರನೆ ತಿರುಗುತ್ತಿತ್ತು. ಕೊಂಬಿನ ಬಾಯಿ ನಮ್ಮತ್ತ ಬಂದಾಗ ಶ್ರುತಿ ಏರಿ, ದೂರ ಸರಿದಾಗ ಇಳಿಯುತ್ತದೆ. ರೈಲಿನ ಸಿಳ್ಳೆಯಿಂದ ನಾವು ವಿವರಿಸುವ ಡಾಪ್ಲರ್ ಪರಿಣಾಮವೇ ಇದು. 1970ರ ದಶಕದಲ್ಲಿ ಬಂದ ‘ಕೋರಸ್’ ಪರಿಣಾಮದಲ್ಲಿ ಸ್ವರದ ಒಂದು ಪ್ರತಿಯನ್ನು ಕೆಲವು ಮಿಲಿಸೆಕೆಂಡು ತಡಮಾಡಿ, ಆ ತಡವನ್ನು ನಿಧಾನವಾಗಿ ಏರಿಳಿಸಿ ಮೂಲಕ್ಕೆ ಬೆರೆಸುತ್ತಾರೆ. ಒಬ್ಬರು ನುಡಿಸಿದ್ದು ಹಲವರು ನುಡಿಸಿದಂತೆ ಕೇಳುತ್ತದೆ.

ಅನುರಣನೆಯ ದಾರಿ ಬೇರೆ. ಹಾರ್ವರ್ಡಿನ ವ್ಯಾಲೇಸ್ ಸಬೈನ್ 1890ರ ದಶಕದಲ್ಲಿ ಉಪನ್ಯಾಸ ಕೊಠಡಿಯೊಂದರಲ್ಲಿ ಆರ್ಗನ್ ಕೊಳವೆ ಊದಿ, ಕುರ್ಚಿಯ ಮೆತ್ತೆಗಳನ್ನು ಹರಡಿ, ಶಬ್ದ ಅಡಗಲು ಹಿಡಿಯುವ ಸಮಯ ಅಳೆದಿದ್ದ. ಶಬ್ದದ ತೀವ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ, ಅಂದರೆ 60 ಡೆಸಿಬೆಲ್ ಇಳಿಯಲು ಬೇಕಾದ ಕಾಲವನ್ನು ನಾವು ಅನುರಣನ ಕಾಲ ಎನ್ನುತ್ತೇವೆ. ಮೆತ್ತನೆಯ ನೆಲಹಾಸಿನ ಮನೆಗಳಲ್ಲಿ ಆರ್ಗನ್ನಿನ ನಾದ ಸಪ್ಪೆಯಾಗುತ್ತಿದ್ದುದರಿಂದ ಹ್ಯಾಮಂಡ್ ಸುರುಳಿ ಸ್ಪ್ರಿಂಗುಗಳ ಮೂಲಕ ಕಂಪನವನ್ನು ಹಾಯಿಸಿ ಕೃತಕ ಅನುರಣನೆ ಪಡೆದ. ಬೆಲ್ ಪ್ರಯೋಗಾಲಯದ ಮನ್‌ಫ್ರೆಡ್ ಶ್ರೋಡರ್ 1960ರ ದಶಕದ ಆರಂಭದಲ್ಲಿ ಅದನ್ನೇ ಗಣಕದ ಲೆಕ್ಕವಾಗಿಸಿದ: ಬೇರೆ ಬೇರೆ ತಡಗಳುಳ್ಳ ಪ್ರತಿಗಳನ್ನು ಮತ್ತೆ ಮತ್ತೆ ಕುಗ್ಗಿಸುತ್ತ ಕೂಡಿಸುವುದು. ರೋಲೆಂಡ್ ಡಿ-50 (1987), ಕಾರ್ಗ್ ಎಂ1 (1988) ಮೊದಲಾದ ವಾದ್ಯಗಳೊಳಗೆ ಈ ಲೆಕ್ಕ ಅಡಕವಾಗಿ ಬಂತು. ಬಯಲು ವೇದಿಕೆಯಲ್ಲಿ ಪ್ರತಿಫಲಿಸುವ ಗೋಡೆಗಳಿಲ್ಲದ ಕಾರಣ ಅನುರಣನೆ ಸ್ವಲ್ಪ ಬೇಕು. ಬರಿಗೋಡೆಯ ಸಭಾಂಗಣದಲ್ಲಿ ಅದನ್ನು ತಗ್ಗಿಸಬೇಕು. ಇಲ್ಲದಿದ್ದರೆ ಸಾಹಿತ್ಯವೇ ಕೇಳಿಸದು.

ಉಳಿದಿದ್ದ ಕೊರತೆ

ಮಿಡಿಯ ಬೆಂಡ್ ಸಂದೇಶ ಒಂದು ವಾಹಿನಿಯ ಎಲ್ಲ ಸ್ವರಗಳಿಗೂ ಒಟ್ಟಿಗೆ ಅನ್ವಯಿಸುತ್ತದೆ. ಷಡ್ಜವನ್ನು ಒತ್ತಿಹಿಡಿದು ಗಾಂಧಾರವನ್ನು ಮಾತ್ರ ಬಾಗಿಸಬೇಕೆಂದರೆ ಷಡ್ಜವೂ ಬಾಗುತ್ತದೆ. ಆಧಾರ ಶ್ರುತಿಯನ್ನು ಕದಲಿಸದೆ ಗಮಕ ನುಡಿಸುವ ನಮ್ಮ ಸಂಗೀತಕ್ಕೆ ಇದು ಸಣ್ಣ ತೊಡಕಲ್ಲ. 2018ರಲ್ಲಿ ಅಂಗೀಕಾರವಾದ ‘ಎಂಪಿಇ’ ಎಂಬ ವಿಸ್ತರಣೆ ಪ್ರತಿ ಸ್ವರಕ್ಕೂ ಬೇರೆ ವಾಹಿನಿ ಕೊಟ್ಟು ಇದನ್ನು ಬಗೆಹರಿಸಿತು. 2020ರ ‘ಮಿಡಿ 2.0’ ಒಂದೊಂದು ಸ್ವರವನ್ನೂ ಪ್ರತ್ಯೇಕವಾಗಿ ಬಾಗಿಸುವ ಅವಕಾಶವನ್ನು ಪದ್ಧತಿಯೊಳಗೇ ಸೇರಿಸಿತು.

ನಮ್ಮ ಅಗತ್ಯದಿಂದಲೇ ಹೊರಟ ದಾರಿಯೂ ಒಂದಿತ್ತು. ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಇಂಥ ಪೆಟ್ಟಿಗೆಯಲ್ಲಿ ತಿರುಗುಣಿಯನ್ನು ತಿರುಗಿಸುತ್ತ ಹಾಡುವವರ ಕಂಠಕ್ಕೆ ಒಪ್ಪುವ ಎಡೆಯಲ್ಲಿ ನಿಲ್ಲಿಸಬಹುದು. ಷಡ್ಜ ಇಂತಿಷ್ಟೇ ಹರ್ಟ್ಸ್ ಎಂಬ ಕಟ್ಟಳೆ ನಮ್ಮ ಸಂಗೀತಕ್ಕಿಲ್ಲ. ಅದು ಕಂಠಕ್ಕೆ ಬಿಟ್ಟದ್ದು.

ತರಗತಿಯಲ್ಲೊಂದು ಪ್ರಯೋಗ

ಶಾಲಾ ಪ್ರಯೋಗಾಲಯದಲ್ಲಿ 512 ಹರ್ಟ್ಸಿನ ಶ್ರುತಿಕವೆ ಇದ್ದರೆ ಹೊರತೆಗೆಯಿರಿ. ಟ್ಯೂನ್ ಸೌಲಭ್ಯವಿರುವ ಒಂದು ಕೀಬೋರ್ಡು ಬೇಕು. ಟ್ರಾನ್ಸ್‌ಪೋಸ್ ಸೊನ್ನೆಯಲ್ಲಿರಲಿ, ಪರಿಣಾಮಗಳನ್ನೆಲ್ಲ ನಿಲ್ಲಿಸಿ, ಕೊಳಲಿನಂಥ ಸರಳ ನಾದ ಆರಿಸಿ. ಮಧ್ಯದ ‘ಸಿ’ಗಿಂತ ಒಂದು ಸಪ್ತಕ ಮೇಲಿನ ‘ಸಿ’ ಒತ್ತಿ ಕವೆಯನ್ನು ಮಿಡಿಯಿರಿ. 440ರ ಶ್ರುತಿಯಲ್ಲಿ ಆ ಮನೆ 523.25 ಹರ್ಟ್ಸ್. ಸೆಕೆಂಡಿಗೆ ಹನ್ನೊಂದರಷ್ಟು ವಿಸ್ಪಂದಗಳು ಸೇರಿ ಒರಟಾಗಿ ಕೇಳುತ್ತದೆ. ಈಗ ಟ್ಯೂನನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬನ್ನಿ. ವಿಸ್ಪಂದಗಳು ನಿಧಾನವಾಗುತ್ತ ಬಂದು 430.5ರ ಹತ್ತಿರ ಬಹುತೇಕ ಅಡಗುತ್ತವೆ. ವಾದ್ಯ ಸೆಂಟ್‌ಗಳಲ್ಲಿ ತೋರಿಸುವುದಾದರೆ ಅದು ಸುಮಾರು -38.

ಪ್ರಯೋಗಾಲಯದ ಕವೆಗೂ ವೇದಿಕೆಯ ಕೀಬೋರ್ಡಿಗೂ ಶ್ರುತಿ ಏಕೆ ಕೂಡಲಿಲ್ಲ ಎಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. 512 ಎಂಬುದು 2ರ ಒಂಬತ್ತನೆಯ ಘಾತ, ಲೆಕ್ಕಕ್ಕೆ ಅನುಕೂಲವೆಂದು ವಿಜ್ಞಾನಿಗಳು ಆರಿಸಿಕೊಂಡದ್ದು. 440 ಸಂಗೀತಗಾರರೂ ಎಂಜಿನಿಯರುಗಳೂ ಸೇರಿ ಒಪ್ಪಿಕೊಂಡದ್ದು. ಎರಡೂ ನಿಸರ್ಗ ನಿಯಮಗಳಲ್ಲ, ಮನುಷ್ಯರ ಒಪ್ಪಂದಗಳು. ವಿಸ್ಪಂದ ಮಾತ್ರ ನಿಸರ್ಗದ್ದು. ಈ ವ್ಯತ್ಯಾಸವನ್ನು ಕಿವಿಯಿಂದಲೇ ತಿಳಿಯಲು ಒಂದು ಕವೆ, ಒಂದು ಗುಂಡಿ ಸಾಕು.